ಶೀಲಾವತಿಯ ಸಾಕ್ಷಿ

ಡ್ರಮ್‌ಕೀರನ್, ಉತ್ತರ ಐರ್ಲೆಂಡ್
10 ಮಾರ್ಚ್ 2025

ಪ್ರೀತಿಯ ಅಮ್ಮಚ್ಚಿ,

ಮಾತು ಕೊಟ್ಟ ಹಾಗೆ ಬರೆಯುತ್ತಿದ್ದೇನೆ. ಹೊರಡುವ ದಿನ ನೀವು ಹೇಳಿದ್ದು ನೆನಪಿದೆ: “ಫೋನಿನಲ್ಲಿ ನೀನು ‘ಎಲ್ಲ ಒಳ್ಳೆದುಂಟು’ ಅಂತ ಮುಗಿಸ್ತೀ. ಬರೆದರೆ ಮಾತ್ರ ನನಗೆ ಗೊತ್ತಾಗುದು, ಎಂತ ಹೇಳಿದ್ದೀ, ಎಂತ ಬಿಟ್ಟಿದ್ದೀ ಅಂತ.” ಮನೆಯಲ್ಲಿ ಮಲಯಾಳ, ಕಾಗದದಲ್ಲಿ ಕನ್ನಡ ಎಂಬ ರೂಢಿಯನ್ನು ಹಾಕಿದವರೂ ನೀವೇ. ಈ ಹಾಳೆಯ ಫೋಟೋ ತೆಗೆದು ನಿಮ್ಮ ಸೊಸೆ ರಿನುವಿನ ಫೋನಿಗೆ ಕಳಿಸುತ್ತೇನೆ. ನೀವು ಬರೆದದ್ದನ್ನು ಅವಳು ಹಾಗೆಯೇ ನನಗೆ ಕಳಿಸಲಿ.

ಇಲ್ಲಿ ಚಳಿ ಹಲ್ಲಿಗೆ ತಾಗುತ್ತದೆ. ಊರು ಸಣ್ಣದು. ಒಂದೇ ಬೀದಿ, ಸುತ್ತ ಕುರಿ ಮೇಯುವ ಗುಡ್ಡಗಳು. ನಾನು ಗಾರ್ಡನ್ ಎಂಬವರ ಮನೆಯಲ್ಲಿದ್ದೇನೆ. ಅವರು ಇಲ್ಲಿಯ ಕ್ರೈಸ್ತ ಸಭೆಯ ಹಿರಿಯರು, ಮಿಷನ್ ಸಮಿತಿಯ ಅಧ್ಯಕ್ಷರು. ಅವರ ಹೆಂಡತಿಯ ಹೆಸರು ಹೆದರ್. ಹೆಸರು ಮಾತ್ರ ಹಾಗೆ, ಸೌಮ್ಯ ಹೆಂಗಸು. ನನಗೆ ತನ್ನ ಮಗನ ದಪ್ಪ ಸ್ವೆಟರ್ ಕೊಟ್ಟಿದ್ದಾರೆ. ದಿನಕ್ಕೆ ಏಳು ಸಲ ಚಹಾ ಕುಡಿಸುತ್ತಾರೆ.

ಬಂದ ಕೆಲಸ ನಾನು ಅಂದುಕೊಂಡಷ್ಟು ಸುಲಭವಿಲ್ಲ. ಇವರು ಐದು ವರ್ಷ ಒಂದು ಸಭೆಯ ಜೊತೆ ಕೈಜೋಡಿಸಬೇಕೆಂದು ಇದ್ದಾರೆ. ಇವರು ಅಲ್ಲಿಗೆ ಬರುವುದು, ನಮ್ಮ ಯುವಕರು ಇಲ್ಲಿಗೆ ಬಂದು ಕಲಿಯುವುದು, ಹೀಗೆ. ಆದರೆ ನಮ್ಮ ಕಡಬದ ಸಭೆ ಒಂದೇ ಅಲ್ಲ. ನೇಪಾಳದ ಒಂದು ಸಭೆ, ಒಡಿಶಾದ ಒಂದು ಸಭೆ ಕೂಡ ಇವರ ಮುಂದಿವೆ. ಆ ಸಭೆಗಳ ಪಾಸ್ಟರುಗಳು ನನಗಿಂತ ಮೊದಲು ಬಂದು ಹೋಗಿದ್ದಾರೆ. ಇಪ್ಪತ್ತೈದಕ್ಕೆ ಸಮಿತಿ ತೀರ್ಮಾನ ಮಾಡುತ್ತದೆ.

ಬರುವ ಭಾನುವಾರ ನಾನು ಮಾತಾಡಬೇಕು. ಗಾರ್ಡನ್ ಹೇಳಿದರು, ಲೆಕ್ಕ ಬೇಡ, ಒಬ್ಬ ಮನುಷ್ಯನ ಬದುಕು ಬದಲಾದ ಸಾಕ್ಷಿ ಹೇಳಿ ಎಂದು. ನಾನು ಎರಡು ದಿನದಿಂದ ಯೋಚಿಸುತ್ತಿದ್ದೇನೆ. ನಮ್ಮ ಮೂವತ್ತೆರಡು ಕುಟುಂಬಗಳೂ ಕೇರಳದಿಂದ ಬಂದ ಅಜ್ಜಂದಿರ ಮೊಮ್ಮಕ್ಕಳು. ತೊಟ್ಟಿಲಿನಲ್ಲೇ ವಿಶ್ವಾಸಿಗಳು. ಅದರಲ್ಲಿ ಇವರಿಗೆ ಕಥೆ ಕಾಣುವುದಿಲ್ಲ.

ಪ್ರಾರ್ಥನೆ ಮಾಡಿ.
ನಿಮ್ಮ ಬಿಜೋಯ್

•

ಕಡಬ
13 ಮಾರ್ಚ್ 2025, ಗುರುವಾರ

ಪ್ರೀತಿಯ ಮೋನೆ,

ಕಾಗದ ಓದಿದೆ. ಅಕ್ಷರ ಇನ್ನೂ ಬಲಕ್ಕೆ ಬೀಳುತ್ತದೆ. ಸ್ವೆಟರ್ ಬಿಚ್ಚಬೇಡ.

ಇಲ್ಲಿ ರಬ್ಬರ್ ಮರಗಳು ಚಿಗುರಿವೆ. ಗುರುವಾರದ ಪ್ರಾರ್ಥನೆಯನ್ನು ನಿನ್ನ ಬದಲು ಸಭೆಯ ಹಿರಿಯ ಇಟ್ಟಿಚ್ಚಾಯ ನಡೆಸಿದರು. ಅವರಿಗೆ ಎಪ್ಪತ್ತಾರು, ಸ್ವರ ಹೋಗಿದೆ, ಹಟ ಹೋಗಿಲ್ಲ. ನಿನ್ನ ಹಾಗೆ ಸಣ್ಣದಾಗಿ ಮುಗಿಸುವ ಅಭ್ಯಾಸ ಅವರಿಗಿಲ್ಲ.

ಇವತ್ತು ಮರ್ಕಂಜದ ಶೀಲಾವತಿ ಬಂದಿದ್ದಳು. ಸುಳ್ಯಕ್ಕೆ ಬಂದು, ಬೆಳ್ಳಾರೆಯಲ್ಲಿ ಬಸ್ ಬದಲಿಸಿ, ಎರಡು ವಾರಕ್ಕೊಮ್ಮೆ ತಪ್ಪದೆ ಬರುತ್ತಾಳೆ. ಮನೆಯಲ್ಲಿ ಮೊಣಗಂಟಿನ ಮದ್ದಿಗೆ ಎಂದು ಹೇಳುತ್ತಾಳಂತೆ. ಯಾವಾಗಿನ ಹಾಗೆ ಹಿಂದಿನ ಬೆಂಚಿನಲ್ಲಿ ಕೂತಳು, ಹಾಡಲಿಲ್ಲ. ಎಲ್ಲರೂ ಹೋದ ಮೇಲೆ ನನ್ನ ಜೊತೆ ಅರ್ಧ ಗಂಟೆ ಕೂತು ಮೂರೂಕಾಲಿನ ಬಸ್ಸಿಗೆ ಹೋದಳು. ಮಗಳು ದೀಕ್ಷಿತಾಗೆ ಜಾಲ್ಸೂರಿನ ಕಡೆಯ ಸಂಬಂಧ ಕೂಡಿ ಬಂದಿದೆ, ಏಪ್ರಿಲ್ ಆರಕ್ಕೆ ನಿಶ್ಚಿತಾರ್ಥ. ಮಗ ಹೋದ ಮೇಲೆ ಆ ಮನೆಯಲ್ಲಿ ಮೊದಲ ಶುಭ ಕಾರ್ಯ. ನಗುವಾಗ ಕೈ ಬಾಯಿಗೆ ಹಿಡಿಯುತ್ತಾಳೆ, ನಕ್ಕರೆ ತಪ್ಪು ಎನ್ನುವ ಹಾಗೆ.

ಭಾನುವಾರಕ್ಕೆ ಕಥೆ ಬೇಕಾದರೆ ನಿನ್ನ ಕಥೆಯನ್ನೇ ಹೇಳು. ಬಿ.ಎಡ್. ಬಿಟ್ಟು ಪಾಸ್ಟರ್ ಆಗುತ್ತೇನೆಂದು ನೀನು ಮನೆಗೆ ಬಂದಾಗ ನಾನು ನಾಲ್ಕು ತಿಂಗಳು ನಿನ್ನೊಡನೆ ಮಾತು ಬಿಟ್ಟಿದ್ದೆನಲ್ಲ, ಅದನ್ನು ಹೇಳು. ಅದಕ್ಕೆ ನನ್ನ ಒಪ್ಪಿಗೆ ಇದೆ.

ನಿನ್ನ ಅಮ್ಮಚ್ಚಿ
ಅಚ್ಚಾಮ್ಮ

•

ಡ್ರಮ್‌ಕೀರನ್
17 ಮಾರ್ಚ್ 2025

ಪ್ರೀತಿಯ ಅಮ್ಮಚ್ಚಿ,

ಕರ್ತನಿಗೆ ಸ್ತೋತ್ರ. ನಿನ್ನೆಯ ಆರಾಧನೆಯ ಬಗ್ಗೆ ಹೇಗೆ ಬರೆಯಲಿ.

ಇನ್ನೂರು ಜನ ಇದ್ದರು. ಮೊದಲು ಕಡಬದ ಬಗ್ಗೆ, ನಮ್ಮ ಹಿರಿಯರು ಕಾಡು ಕಡಿದು ಗುಡಿಸಲು ಹಾಕಿದ ಬಗ್ಗೆ ಹೇಳಿದೆ. ಯಾರೂ ಅಲ್ಲಾಡಲಿಲ್ಲ. ಮುಂದಿನ ಸಾಲಿನ ಒಬ್ಬರು ಗಡಿಯಾರ ನೋಡಿದರು. ಆಗ ಶೀಲಾವತಿ ಚೇಚಿಯ ನೆನಪಾಯಿತು. ಕ್ರಿಸ್ಮಸ್ ಊಟದ ದಿನ ಕಣ್ಣು ಮುಚ್ಚಿ ನಿಂತ ಅವರ ಫೋಟೋ ನನ್ನ ಚಿತ್ರಗಳ ನಡುವೆ ಇತ್ತು. ಅದನ್ನು ದೊಡ್ಡ ಪರದೆಯಲ್ಲಿ ಹಾಕಿಸಿದೆ.

ಮಗನನ್ನು ಕಳೆದುಕೊಂಡು ಸಾಯಲು ಹೊರಟ ತಾಯಿ, ದಾರಿಯಲ್ಲಿ ನಮ್ಮ ಹಾಡು ಕೇಳಿ ಪ್ರಾರ್ಥನಾ ಮಂದಿರದೊಳಗೆ ಬಂದಳು ಎಂದೆ. ಅಲ್ಲಿ ಸಮಾಧಾನ ಕಂಡಳು, ತಲೆಮಾರುಗಳಿಂದ ನಂಬಿದ ಮನೆಯ ದೈವಗಳನ್ನು ಬಿಟ್ಟು ಬಂದಳು, ಈಗ ಗಂಡನಿಗೆ ತಿಳಿಯದ ಹಾಗೆ ಎರಡು ಬಸ್ ಹತ್ತಿ ಬರುತ್ತಾಳೆ ಎಂದೆ. ಹೆಸರು ಹೇಳಬೇಕೆಂದು ಇರಲಿಲ್ಲ, ಬಾಯಿಗೆ ಬಂತು. ಊರಿನ ಹೆಸರೂ ಬಂತು. ಅಮ್ಮಚ್ಚಿ, ಇಡೀ ಸಭೆ ಅತ್ತಿತು. ಹೆದರ್ ನನ್ನ ಎರಡೂ ಕೈ ಹಿಡಿದು, “ನಾನು ದಿನವೂ ಶೀಲಾವತಿಗಾಗಿ ಪ್ರಾರ್ಥಿಸುತ್ತೇನೆ” ಎಂದರು. ಅವರ ಬಾಯಲ್ಲಿ ಆ ಹೆಸರು ಎಷ್ಟು ಚೆಂದ ಕೇಳಿತು.

ಇಲ್ಲಿ ಆರಾಧನೆಯನ್ನೆಲ್ಲ ಯೂಟ್ಯೂಬಿನಲ್ಲಿ ಹಾಕುತ್ತಾರೆ. ಲಿಂಕನ್ನು ರಿನುವಿಗೆ ಕಳಿಸಿದ್ದೇನೆ, ನೋಡಿ. ಗಾರ್ಡನ್ ಬಾಯಿ ಬಿಟ್ಟು ಹೇಳಿಲ್ಲ, ಆದರೆ ಇಪ್ಪತ್ತೈದರ ಸಮಿತಿಯ ಸಭೆ ಈಗ ಹೆಸರಿಗೆ ಮಾತ್ರ ಎನ್ನಿಸುತ್ತದೆ.

ನಿಮ್ಮ ಬಿಜೋಯ್

•

ಕಡಬ
18 ಮಾರ್ಚ್ 2025

ಬಿಜೋಯ್,

ನಿನ್ನ ಕಾಗದದಲ್ಲಿ ಕಾಗುಣಿತ ತಪ್ಪಿಲ್ಲ. ಉಳಿದದ್ದನ್ನು ತಿದ್ದುತ್ತೇನೆ.

ಶೀಲಾವತಿ ಸಾಯಲು ಹೊರಟವಳಲ್ಲ. ಹಾಡು ಕೇಳಿ ಒಳಗೆ ಬಂದವಳಲ್ಲ, ನನ್ನ ವಿಳಾಸವನ್ನು ಮೂರು ಜನರಲ್ಲಿ ವಿಚಾರಿಸಿ ಬಂದವಳು. ದೀಕ್ಷಾಸ್ನಾನ ಆಗಿಲ್ಲ, ಕೇಳಿಯೂ ಇಲ್ಲ. ದೈವಗಳನ್ನು ಬಿಟ್ಟಳೆಂದು ನಿನಗೆ ಯಾರು ಹೇಳಿದರು? ಆ ಫೋಟೋದಲ್ಲಿ ಅವಳು ಪ್ರಾರ್ಥಿಸುತ್ತಲೂ ಇರಲಿಲ್ಲ. ಬಿರಿಯಾನಿಯ ಒಲೆಯ ಹೊಗೆ ತಡೆಯಲಾರದೆ ಕಣ್ಣು ಮುಚ್ಚಿದ್ದಳು. ನಾನು ಪಕ್ಕದಲ್ಲೇ ಇದ್ದೆ. ನನ್ನನ್ನು ನೀನು ಕತ್ತರಿಸಿದ್ದೀ, ಸೆರಗಿನ ತುದಿ ಮಾತ್ರ ಉಳಿದಿದೆ.

ಅವಳು ಏಕೆ ಬರುತ್ತಾಳೆಂದು ನೀನು ಎರಡು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ. ಪ್ರಾರ್ಥನೆ ಮುಗಿದ ಕೂಡಲೇ ಬಾಗಿಲಲ್ಲಿ ನಿಂತು ಎಲ್ಲರ ಕೈ ಕುಲುಕುತ್ತೀ. ನನಗೆ ಗೊತ್ತಿದೆ. ಹೇಳುವುದಿಲ್ಲ, ಅದು ಅವಳದ್ದು.

ಮನೆಗೆ ತಿಳಿಯದ ಹಾಗೆ ಬರುತ್ತಾಳೆಂದು ನೀನೇ ಹೇಳಿದ್ದೀ. ಹಾಗೆ ಹೇಳುತ್ತಲೇ ಲೋಕಕ್ಕೆ ತಿಳಿಸಿದ್ದೀ. ಇನ್ನು ಹತ್ತೊಂಬತ್ತು ದಿನಕ್ಕೆ ಅವಳ ಮಗಳ ನಿಶ್ಚಿತಾರ್ಥ. ಆ ವಿಡಿಯೋವನ್ನು ಇವತ್ತೇ ತೆಗೆಸು. ನಾಳೆ ಅಲ್ಲ.

ಅಚ್ಚಾಮ್ಮ

•

ಡ್ರಮ್‌ಕೀರನ್
19 ಮಾರ್ಚ್ 2025

ಅಮ್ಮಚ್ಚಿ,

ನಿಮ್ಮ ಕಾಗದ ಓದಿದೆ. ನಾನು ದುರುದ್ದೇಶದಿಂದ ಹೇಳಿದ್ದಲ್ಲ. ಸ್ವಲ್ಪ ಹೆಚ್ಚು ಮಾಡಿ ಹೇಳಿದ್ದು ಹೌದು. ಆದರೆ ಅವರಿಗೆ ನಮ್ಮಲ್ಲಿ ಸಮಾಧಾನ ಸಿಕ್ಕಿದ್ದು ಸುಳ್ಳಾ? ಸಿಗದಿದ್ದರೆ ಅಷ್ಟು ದೂರದಿಂದ ಏಕೆ ಬರುತ್ತಾರೆ?

ವಿಡಿಯೋದ ಬಗ್ಗೆ ಇಲ್ಲಿಯ ಕಚೇರಿಯಲ್ಲಿ ಮೆಲ್ಲಗೆ ಕೇಳಿದೆ. ತೆಗೆಯಬೇಕಾದರೆ ಸಮಿತಿಗೆ ಕಾರಣ ಹೇಳಬೇಕಂತೆ. ಏನೆಂದು ಹೇಳಲಿ? ಹೇಳಿದ್ದು ನಿಜವಲ್ಲ ಎಂದರೆ ಇಪ್ಪತ್ತೈದಕ್ಕೆ ಸಮಿತಿ ಕೂರುವ ಅಗತ್ಯವೇ ಇಲ್ಲ. ನನ್ನೊಬ್ಬನ ಮಾನದ ಮಾತಲ್ಲ ಇದು. ಇಟ್ಟಿಚ್ಚಾಯನ ಕಾಲದಿಂದ ನಮ್ಮ ಸಭೆ ಒಂಟಿ. ನಮ್ಮ ಬೆನ್ನಿಗೆ ಯಾರೂ ಇಲ್ಲ. ಊರಲ್ಲಿ ಏನಾದರೂ ಆದರೆ ನಮಗಾಗಿ ಕೇಳುವ ಒಂದು ಸ್ವರ ಹೊರಗೆ ಇರಲಿ ಎಂದು ನಾನು ಇಲ್ಲಿಗೆ ಬಂದದ್ದು.

ಆರು ದಿನ ಕಾಯಿರಿ. ಸಹಿ ಆದ ಮರುಗಳಿಗೆ ನಾನೇ ತೆಗೆಸುತ್ತೇನೆ. ಇಲ್ಲಿಯ ವಿಡಿಯೋವನ್ನು ಮರ್ಕಂಜದಲ್ಲಿ ಯಾರು ನೋಡುತ್ತಾರೆ ಅಮ್ಮಚ್ಚಿ?

ಬಿಜೋಯ್

•

ಕಡಬ
21 ಮಾರ್ಚ್ 2025

ಇಚ್ಚಾಯ,

ಅಮ್ಮಚ್ಚಿ ಬರೆಯಲು ಕೂತರು, ಆಮೇಲೆ ಪೆನ್ನನ್ನು ನನ್ನ ಕೈಗೆ ಕೊಟ್ಟರು. ನಾನು ಬರೆಯುತ್ತಿದ್ದೇನೆ. ನೀವು ಕೇಳಿದಿರಲ್ಲ, ಯಾರು ನೋಡುತ್ತಾರೆ ಎಂದು. ಎಲ್ಲರೂ ನೋಡಿದ್ದಾರೆ.

ಆ ಲಿಂಕನ್ನು ನಮ್ಮವರೇ ಯಾರೋ ಹೆಮ್ಮೆಯಿಂದ ಗ್ರೂಪಿಗೆ ಹಾಕಿದರು. ಅಲ್ಲಿಂದ ಎಲ್ಲಿಗೆ ಹೋಯಿತೋ. ಒಂದು ನಿಮಿಷವನ್ನು ಮಾತ್ರ ಕತ್ತರಿಸಿ, ನಿಮ್ಮ ಇಂಗ್ಲಿಷಿನ ಕೆಳಗೆ ಕನ್ನಡ ಬರೆದು ಕಳಿಸಿದ್ದಾರೆ. ಫೋಟೋ, ಹೆಸರು, ಊರು, ದೈವದ ಮಾತು, ಎಲ್ಲ ಇದೆ.

ಇವತ್ತು ಬೆಳಿಗ್ಗೆ ಒಂಬತ್ತು ಗಂಟೆಗೆ ಒಂದು ಜೀಪಿನಲ್ಲಿ ಮೂವರು ಬಂದರು. ಒಬ್ಬನು ಲತೀಶ್, ಶೀಲಾವತಿಯವರ ಗಂಡ ದೇರಣ್ಣನವರ ತಮ್ಮನ ಮಗ. ಅಂಗಳದಲ್ಲಿ ನಿಂತ, ಒಳಗೆ ಬರಲಿಲ್ಲ. ಬೈಯಲಿಲ್ಲ. ಬೈದಿದ್ದರೆ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

“ಪಾಸ್ಟರ್ ಯಾವಾಗ ಬರುದು?”

“ಇಪ್ಪತ್ತೆಂಟಕ್ಕೆ,” ಎಂದೆ.

“ನಮ್ಮ ದೊಡ್ಡಮ್ಮನನ್ನು ನೀವು ಮತಾಂತರ ಮಾಡಿದ್ದು ಹೌದಾ?”

“ಇಲ್ಲ.”

“ಮತ್ತೆ ಅಲ್ಲಿ ನಿಂತು ಹೇಳಿದ್ದು ಎಂತ? ನೀವು ಸುಳ್ಳು ಹೇಳ್ತಾ ಇದ್ದೀರಾ, ಅವರು ಸುಳ್ಳು ಹೇಳಿದ್ದಾ?”

ಅಮ್ಮಚ್ಚಿ ಹೊರಗೆ ಬಂದರು. “ನನ್ನ ಮಗ ಸುಳ್ಳು ಹೇಳಿದ್ದು,” ಎಂದರು. ಲತೀಶ್ ಅದನ್ನು ನಿರೀಕ್ಷಿಸಿರಲಿಲ್ಲ. ಅವನು ಮರ್ಕಂಜದ ಶಾಲೆಯಲ್ಲಿ ಅಮ್ಮಚ್ಚಿಯ ಕೈಯಲ್ಲೇ ಕಲಿತವನು. “ಟೀಚರ್, ನೀವು ಹೇಳಿದರೆ ನಾನು ನಂಬ್ತೇನೆ. ಆದರೆ ಜಾಲ್ಸೂರಿನವರು ನಂಬುದಿಲ್ಲ. ಭಾನುವಾರ ಮನೆಯಲ್ಲಿ ಎಲ್ಲ ಸೇರ್ತಾರೆ,” ಎಂದು ಹೇಳಿ ಹೋದ. ಜೊತೆಗೆ ಬಂದ ಇಬ್ಬರು ಹೋಗುವಾಗ ಮಂದಿರದ ಬೋರ್ಡಿನ ಫೋಟೋ ತೆಗೆದುಕೊಂಡರು.

ಶೀಲಾವತಿಯವರ ಫೋನು ಹೋಗುತ್ತಿಲ್ಲ. ಇಟ್ಟಿಚ್ಚಾಯ ಈ ಭಾನುವಾರ ಆರಾಧನೆ ಬೇಡ, ಮನೆಗಳಲ್ಲೇ ಪ್ರಾರ್ಥಿಸಿ ಎಂದಿದ್ದಾರೆ. ಮಕ್ಕಳನ್ನು ನಾನು ಶಾಲೆಗೆ ಕಳಿಸಿಲ್ಲ.

ಅಮ್ಮಚ್ಚಿ ಒಂದು ಮಾತು ಸೇರಿಸಲು ಹೇಳಿದರು: “ಎಲ್ಲಿ ಹೇಳಿದೆಯೋ ಅಲ್ಲೇ ನಿಂತು ತಿದ್ದು.”

ರಿನು

•

ಡ್ರಮ್‌ಕೀರನ್
26 ಮಾರ್ಚ್ 2025

ಅಮ್ಮಚ್ಚಿ,

ನಾಳೆ ಹೊರಡುತ್ತೇನೆ. ಬರುವ ಮೊದಲು ಇದನ್ನು ನೀವು ಓದಬೇಕು. ಮುಖ ನೋಡಿ ಹೇಳುವಾಗ ನಾನು ಬಿಟ್ಟುಬಿಡುವ ಭಾಗಗಳು ಇದರಲ್ಲಿ ಇರಲಿ.

ಶುಕ್ರವಾರ ರಿನುವಿನ ಕಾಗದ ಓದಿದ ಮೇಲೆ ಗಾರ್ಡನ್ ಅವರ ಕೊಟ್ಟಿಗೆಗೆ ಹೋದೆ. ಅವರು ಕುರಿಮರಿಗೆ ಹಾಲು ಕುಡಿಸುತ್ತಿದ್ದರು. ನಿಂತೇ ಹೇಳಿದೆ. ಅವರು ಬಾಟಲಿಯನ್ನು ಕೆಳಗಿಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. “ಎಷ್ಟು ಭಾಗ ನಿಜ?” ಎಂದು ಕೇಳಿದರು. “ಮಗ ತೀರಿಕೊಂಡದ್ದು ನಿಜ. ಎರಡು ಬಸ್ ನಿಜ,” ಎಂದೆ. ಒಂದು ಗಂಟೆಯಲ್ಲಿ ವಿಡಿಯೋ ತೆಗೆಸಿದರು. ಭಾನುವಾರ ನನಗೆ ಐದು ನಿಮಿಷ ಬೇಕೆಂದೆ. ಬೇಡ, ಸಮಿತಿಗೆ ಹೇಳಿದರೆ ಸಾಕು ಎಂದರು. ನಾನು ಒಪ್ಪಲಿಲ್ಲ. ಒಪ್ಪಲು ಆಸೆಯಾಯಿತು, ಅದನ್ನೂ ಬರೆಯುತ್ತೇನೆ.

ಭಾನುವಾರ ಅದೇ ಜಾಗದಲ್ಲಿ ನಿಂತೆ. “ಕಳೆದ ವಾರ ನಾನು ಹೇಳಿದ ಹೆಂಗಸು ಎಂದೂ ನಮ್ಮ ಮತಕ್ಕೆ ಸೇರಿದವಳಲ್ಲ. ಆಕೆ ತನ್ನ ದೈವಗಳನ್ನು ಬಿಟ್ಟಿಲ್ಲ. ಆಕೆ ನಮ್ಮಲ್ಲಿಗೆ ಏಕೆ ಬರುತ್ತಾಳೆಂದು ನಾನು ಕೇಳಲೇ ಇಲ್ಲ. ನೀವು ನಮ್ಮನ್ನು ಆರಿಸಬೇಕೆಂದು ನಾನು ಕಟ್ಟಿ ಹೇಳಿದೆ. ಅದರಿಂದ ಆಕೆಯ ಮನೆಗೆ ಬೆಂಕಿ ಬಿದ್ದಿದೆ,” ಎಂದೆ. ಹೆಸರು ಹೇಳಲಿಲ್ಲ. ಇನ್ನೂರು ಜನ ಕೂತಿದ್ದರೂ ಹೀಟರಿನ ಶಬ್ದ ಕೇಳುತ್ತಿತ್ತು. ಯಾರೂ ಅಳಲಿಲ್ಲ. ಇಳಿದು ಬರುವಾಗ ಒಬ್ಬ ಮುದುಕ ಕಾಲು ಮಡಚಿ ದಾರಿ ಬಿಟ್ಟ, ಅಷ್ಟೇ. ಹೆದರ್ ಮನೆಗೆ ಬಂದು ಚಹಾ ಮಾಡಿದರು. ಕಪ್ಪನ್ನು ನನ್ನ ಮುಂದಿಟ್ಟು, “ನಾನು ಏಳು ದಿನ ಯಾರಿಗಾಗಿ ಪ್ರಾರ್ಥಿಸಿದೆ?” ಎಂದು ಕೇಳಿದರು. ಸಿಟ್ಟಿನಿಂದ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯಬೇಕಿತ್ತು ಅವರಿಗೆ.

ನಿನ್ನೆ ಸಮಿತಿ ಕೂತಿತು. ನಮ್ಮನ್ನು ಪಟ್ಟಿಯಿಂದ ತೆಗೆದಿದ್ದಾರೆ. ನಾನು ವಾದಿಸಲಿಲ್ಲ.

ನಾನು ತಿದ್ದಿದ ವಿಡಿಯೋ ಅವರ ಚಾನೆಲಿನಲ್ಲಿ ಇದೆ. ಲತೀಶನಿಗೆ ಕಳಿಸಲು ರಿನುವಿಗೆ ಹೇಳಿ. ಮೊದಲನೆಯದನ್ನು ಹರಡಿದವರು ಇದನ್ನು ಹರಡುವುದಿಲ್ಲ ಎಂದು ನನಗೆ ಗೊತ್ತಿದೆ.

ಬಿಜೋಯ್

•

ಈಶ್ವರಮಂಗಲ
3 ಏಪ್ರಿಲ್ 2025

ಶೀಲಾವತಿಯವರಿಗೆ ನಮಸ್ಕಾರಗಳು.

ಇದನ್ನು ಲತೀಶ್ ಕೈಯಲ್ಲಿ ತೆರೆದ ಲಕೋಟೆಯಲ್ಲೇ ಕೊಟ್ಟಿದ್ದೇನೆ. ನಿಮ್ಮ ಮನೆಯ ಯಾರೂ ಓದಬಹುದು, ಮುಚ್ಚಿಡುವಂಥದ್ದು ಇದರಲ್ಲಿ ಏನೂ ಇಲ್ಲ.

ನಾನು ನಿಮ್ಮ ಬಗ್ಗೆ ಸುಳ್ಳು ಹೇಳಿದೆ. ನಿಮ್ಮನ್ನು ಕೇಳದೆ ನಿಮ್ಮ ಫೋಟೋ ತೋರಿಸಿದೆ. ತಿಳಿಯದೆ ಆದದ್ದಲ್ಲ, ಬಾಯಿ ತಪ್ಪಿದ್ದೂ ಅಲ್ಲ. ಎದುರಿನವರು ಕಣ್ಣೊರೆಸುವುದನ್ನು ಕಂಡು ಇನ್ನೂ ಎರಡು ಮಾತು ಸೇರಿಸಿದೆ. ಹೇಳಿದಲ್ಲೇ ನಿಂತು ಅದು ಸುಳ್ಳೆಂದು ಹೇಳಿ ಬಂದಿದ್ದೇನೆ. ಆದರೆ ಅದು ನಿಮಗೆ ಯಾವ ಉಪಯೋಗಕ್ಕೆ ಎಂದು ನನಗೆ ತಿಳಿಯುವುದಿಲ್ಲ.

ನಿಮ್ಮ ಮನೆಗೆ ಬಂದು, ದೇರಣ್ಣನವರ ಮುಂದೆ, ಜಾಲ್ಸೂರಿನವರ ಮುಂದೆ ಹೇಳಲು ತಯಾರಿದ್ದೇನೆ. ನಾನು ಬರುವುದರಿಂದ ಇನ್ನಷ್ಟು ತೊಂದರೆಯಾಗುತ್ತದೆ ಎಂದು ಅಮ್ಮಚ್ಚಿ ಹೇಳುತ್ತಾರೆ. ನೀವು ಬಾ ಎಂದರೆ ಬರುತ್ತೇನೆ, ಬೇಡ ಎಂದರೆ ಇಲ್ಲ.

ನಮ್ಮ ಸಭೆಯ ಹಿರಿಯರು ನನ್ನನ್ನು ಮೂರು ತಿಂಗಳು ಪ್ರಸಂಗ ಪೀಠದಿಂದ ದೂರ ಇಟ್ಟಿದ್ದಾರೆ. ನಾನು ಈಶ್ವರಮಂಗಲದಲ್ಲಿ ಸೋದರಮಾವನ ರಬ್ಬರ್ ತೋಟದಲ್ಲಿದ್ದೇನೆ.

ಬಿಜೋಯ್

•

ಮರ್ಕಂಜ
28 ಏಪ್ರಿಲ್ 2025

ಪಾಸ್ಟರರಿಗೆ ಶೀಲಾವತಿ ಬರೆಯುವುದು.

ನಿಮ್ಮ ಕಾಗದ ಸಿಕ್ಕಿ ಇಪ್ಪತ್ತು ದಿನ ಆಯಿತು. ನಾನು ಎಂಟನೆಯವರೆಗೆ ಮಾತ್ರ ಓದಿದ್ದು. ಬರೆದು ಹರಿದು ಬರೆದು ಹರಿದು ಈಗ ಬರೆದದ್ದು. ನೀವು ಬರುವುದು ಬೇಡ.

ದೀಕ್ಷಿತಾಳ ಸಂಬಂಧ ತಪ್ಪಿತು. ಜಾಲ್ಸೂರಿನವರು ಜಗಳ ಮಾಡಲಿಲ್ಲ. ಹುಡುಗನ ಅಜ್ಜಿಗೆ ಹುಷಾರಿಲ್ಲ, ಸದ್ಯಕ್ಕೆ ಬೇಡ ಎಂದು ಹೇಳಿ ಕಳಿಸಿದರು. ಅಜ್ಜಿ ಹುಷಾರಾಗಿ ಸುಳ್ಯದ ಪೇಟೆಯಲ್ಲಿ ತಿರುಗುವುದನ್ನು ನಮ್ಮವರು ನೋಡಿದ್ದಾರೆ. ದೀಕ್ಷಿತಾ ನನ್ನ ಜೊತೆ ಹದಿನೈದು ದಿನ ಮಾತಾಡಲಿಲ್ಲ.

ಆ ಭಾನುವಾರ ನಮ್ಮ ಚಾವಡಿಯಲ್ಲಿ ಕುಟುಂಬದವರು ಎಲ್ಲ ಸೇರಿದ್ದರು. ನನ್ನನ್ನು ದೈವದ ಕೋಣೆಯ ಮುಂದೆ ನಿಲ್ಲಿಸಿ ಹಿರಿಯರು ಕೇಳಿದರು. “ನೀನು ಬಿಟ್ಟದ್ದು ಹೌದಾ?” ನಾನು ಹೇಳಿದೆ, “ದಿನಾ ಸಂಜೆ ಇಲ್ಲಿ ದೀಪ ಇಡುವುದು ಯಾರು? ಬಿಟ್ಟಿದ್ದರೆ ಇಡುತ್ತಿದ್ದೆನಾ?” “ಹಾಗಾದರೆ ಅಲ್ಲಿಗೆ ಎಂತಕ್ಕೆ ಹೋದ್ದು? ಮೊಣಗಂಟಿನ ಮದ್ದು ಅಂತ ಸುಳ್ಳು ಯಾಕೆ ಹೇಳಿದ್ದು?”

ಹೇಳಬಾರದೆಂದು ಇದ್ದೆ. ಹೇಳಬೇಕಾಯಿತು. ನಿಮಗೂ ಹೇಳುತ್ತೇನೆ. ಇನ್ನು ಮುಂದೆ ಯಾರೂ ನನ್ನ ಬಗ್ಗೆ ಬೇರೆ ಹೇಳಬಾರದು.

ನಮ್ಮ ಮೋಕ್ಷಿತ್ ಹೋದದ್ದು ಜ್ವರದಲ್ಲಿ. ಹತ್ತೊಂಬತ್ತು ವರ್ಷ. ಮೊದಲ ದಿನ ನಾನು ಆಸ್ಪತ್ರೆಗೆ ಹೋಗುವ ಅಂದೆ. “ಬರೀ ಜ್ವರ ಮಾರಾಯ್ತಿ, ನಾಳೆ ನೋಡುವ,” ಎಂದರು ಇವರು. ಮರುದಿನವೂ ಹಾಗೇ ಅಂದರು. ಮೂರನೆಯ ದಿನ ಕರೆದುಕೊಂಡು ಹೋದರು, ಐದನೆಯ ದಿನ ಮುಗಿಯಿತು. ಹದಿಮೂರು ದಿನದ ಕೆಲಸ ಎಲ್ಲ ಆದ ಮೇಲೆ ಇವರು ಅವನ ಬಟ್ಟೆ, ಪುಸ್ತಕ ಎಲ್ಲ ಅಟ್ಟದ ಮೇಲೆ ಇಟ್ಟರು. ಆಮೇಲೆ ನಮ್ಮ ಮನೆಯಲ್ಲಿ ಯಾರೂ ಅವನ ಹೆಸರು ಎತ್ತಲಿಲ್ಲ. ಎತ್ತಿದರೆ ಇವರು ಊಟ ಬಿಟ್ಟು ಏಳುತ್ತಿದ್ದರು. ಸಿಟ್ಟಿನಿಂದ ಅಲ್ಲ ಎಂದು ನನಗೆ ಗೊತ್ತು. ಆದರೆ ನನ್ನ ಮಗ ಎರಡನೆಯ ಸಲ ಸತ್ತ ಹಾಗೆ ಆಯಿತು.

ಅಚ್ಚಾಮ್ಮ ಟೀಚರ್ ಅವನಿಗೆ ಒಂದರಿಂದ ಐದರವರೆಗೆ ಕಲಿಸಿದವರು. ಅವರಿಗೆ ಅವನ ನೆನಪು ಇರಬಹುದೆಂದು ಹುಡುಕಿಕೊಂಡು ಬಂದೆ. ಬಂದ ದಿನ ಗುರುವಾರ ಆಗಿತ್ತು, ಅಲ್ಲಿ ಪ್ರಾರ್ಥನೆ ಇತ್ತು. ಮುಗಿಯುವವರೆಗೆ ಕೂತೆ. ಆಮೇಲೆ ಟೀಚರ್ ಅವನ ಬಗ್ಗೆ ಹೇಳಿದರು. ಅದಕ್ಕಾಗಿ ನಾನು ಮತ್ತೆ ಮತ್ತೆ ಬಂದದ್ದು. ನಿಮ್ಮ ಹಾಡಿಗೆ ಅಲ್ಲ. ನಿಮ್ಮ ಹಾಡು ಕೆಟ್ಟದ್ದು ಎಂದು ಅಲ್ಲ.

ಚಾವಡಿಯಲ್ಲಿ ಇಷ್ಟೇ ಹೇಳಿದೆ: “ನಾನು ಹೋದ್ದು ಮೋಕ್ಷಿತನ ವಿಷಯ ಕೇಳಲಿಕ್ಕೆ. ಈ ಮನೆಯಲ್ಲಿ ಹೇಳುವವರು ಇಲ್ಲ.” ಹಿರಿಯರು ತಲೆ ತಗ್ಗಿಸಿದರು. ಇವರು ಎದ್ದು ಹೊರಗೆ ಹೋದರು. ಅವತ್ತಿನಿಂದ ನನ್ನ ಜೊತೆ ಬೇಕಾದ್ದಕ್ಕೆ ಮಾತ್ರ ಮಾತು.

ನೀವು ಕ್ಷಮೆ ಕೇಳಿದ್ದೀರಿ. ನನಗೆ ಈಗ ಕೊಡಲಿಕ್ಕೆ ಆಗುವುದಿಲ್ಲ. ಮುಂದೆ ಆದರೆ ಟೀಚರ ಕೈಯಲ್ಲಿ ಹೇಳಿ ಕಳಿಸುತ್ತೇನೆ. ಆದರೆ ನಾನು ಇನ್ನು ಅಲ್ಲಿಗೆ ಬರುವುದಿಲ್ಲ. ಟೀಚರಿಗೆ ಇದನ್ನು ನೀವೇ ಹೇಳಬೇಕು, ನನ್ನಿಂದ ಆಗುವುದಿಲ್ಲ.

ಶೀಲಾವತಿ

•

ಕಡಬ
12 ಜೂನ್ 2025

ಪ್ರೀತಿಯ ಮೋನೆ,

ಎರಡು ತಿಂಗಳು ನಾನು ನಿನಗೆ ಬರೆಯಲಿಲ್ಲ, ಶೀಲಾವತಿ ಇನ್ನು ಬರುವುದಿಲ್ಲ ಎಂದು ನೀನು ತಿಳಿಸಿದಾಗಲೂ. ಸಿಟ್ಟು ಒಂದು ಕಾರಣ. ನನ್ನ ಮಗನಿಗೆ ನಾನೇ ಏನು ಕಲಿಸಲು ಮರೆತೆ ಎಂಬ ಯೋಚನೆ ಇನ್ನೊಂದು. ನಿನಗೆ ಚೆನ್ನಾಗಿ ಮಾತಾಡಲು ಕಲಿಸಿದ್ದು ನಾನೇ. ಭಾಷಣ ಸ್ಪರ್ಧೆಗೆ ಪುತ್ತೂರಿಗೆ ಕರೆದುಕೊಂಡು ಹೋಗುತ್ತಿದ್ದೆ. ಗೆದ್ದು ಬಂದಾಗಲೆಲ್ಲ ಹೊಗಳಿದೆ, ಹೇಳಿದ್ದು ನಿಜವೇ ಎಂದು ಒಮ್ಮೆಯೂ ಕೇಳಲಿಲ್ಲ.

ಗಾರ್ಡನ್ ಅವರು ನೇಪಾಳದ ಸಭೆಯನ್ನು ಆರಿಸಿದ್ದಾರೆಂದು ಇಟ್ಟಿಚ್ಚಾಯ ಹೇಳಿದರು. ಒಳ್ಳೆಯದಾಗಲಿ. ಜುಲೈ ಮೊದಲ ವಾರ ನಿನ್ನನ್ನು ತಿರುಗಿ ಕರೆಯುವ ಮಾತು ನಡೆದಿದೆ. ಇಬ್ಬರು ಹಿರಿಯರು ಬೇಡ ಎಂದಿದ್ದಾರೆ, ಉಳಿದವರು ಬರಲಿ ಎಂದಿದ್ದಾರೆ. ನಾನು ಏನೂ ಹೇಳಲಿಲ್ಲ.

ಇವತ್ತು ಬರೆಯುತ್ತಿರುವುದು ಬೇರೆ ವಿಷಯಕ್ಕೆ.

ಬೆಳಿಗ್ಗೆ ಹನ್ನೊಂದಕ್ಕೆ ಗೇಟಿನ ಹತ್ತಿರ ಒಬ್ಬರು ಬಂದು ನಿಂತರು. ಬಿಳಿ ಪಂಚೆ, ಕಂಕುಳಲ್ಲಿ ಕೊಡೆ. ರಿನು ಗುರುತು ಹಿಡಿದಳು. ವಿಡಿಯೋ ಬಂದಾಗ ಯಾರೋ ಅವರ ಫೋಟೋವನ್ನೂ ಹಂಚಿದ್ದರಂತೆ. “ಅಮ್ಮಚ್ಚಿ, ದೇರಣ್ಣ,” ಎಂದು ನನ್ನ ತೋಳು ಹಿಡಿದಳು. ಇಟ್ಟಿಚ್ಚಾಯನಿಗೆ ಫೋನ್ ಮಾಡಲೇ ಎಂದಳು. ಬೇಡ, ಮಕ್ಕಳನ್ನು ಒಳಗೆ ಕರೆದುಕೊ ಎಂದೆ. ನನಗೂ ಧೈರ್ಯವಿರಲಿಲ್ಲ. ಮೂರು ತಿಂಗಳಿಂದ ಈ ಮನುಷ್ಯ ಬರುವುದನ್ನೇ ನಾನು ಕಾಯುತ್ತಿದ್ದೆ ಎಂದು ಆಗ ತಿಳಿಯಿತು.

“ಬನ್ನಿ,” ಎಂದೆ. ಬಂದರು. ಜಗಲಿಯಲ್ಲಿ ಕುರ್ಚಿ ತೋರಿಸಿದರೆ ಕೂರಲಿಲ್ಲ. ಬಸ್ಸಿನಲ್ಲಿ ಬಂದಿದ್ದರು. ಬೆಳ್ಳಾರೆಯಲ್ಲಿ ಮುಕ್ಕಾಲು ಗಂಟೆ ಕಾಯಬೇಕಾಯಿತಂತೆ. “ಎರಡು ವರ್ಷ ಅವಳು ಈ ಬಸ್ಸಿನಲ್ಲಿ ಬಂದದ್ದಾ?” ಎಂದು ಕೇಳಿದರು. ಹೌದೆಂದೆ.

“ಟೀಚರ್, ನೀವು ಅವಳಿಗೆ ಎಂತ ಹೇಳ್ತಾ ಇದ್ದದ್ದು?”

ಅವರ ಸ್ವರದಲ್ಲಿ ಏನಿತ್ತೆಂದು ನನಗೆ ಅಂದಾಜಾಗಲಿಲ್ಲ. ಜಗಳದ ಮೊದಲ ಮಾತೂ ಹಾಗೆಯೇ ಇರುತ್ತದೆ.

“ಮೋಕ್ಷಿತನ ವಿಷಯ,” ಎಂದೆ.

“ಅದು ಗೊತ್ತುಂಟು. ಎಂತ ವಿಷಯ?”

“ನಿಮಗೂ ಹೇಳ್ಬೇಕಾ ದೇರಣ್ಣ?”

“ಅದಕ್ಕೇ ಬಂದದ್ದು,” ಎಂದು ಹೇಳಿ ಕುರ್ಚಿಯಲ್ಲಿ ಅಲ್ಲ, ಮೆಟ್ಟಿಲ ಮೇಲೆ ಕೂತರು, ನನಗೆ ಬೆನ್ನು ಮಾಡಿ.

ಹೇಳಿದೆ. ಏಳರ ಮಗ್ಗಿ ಅವನಿಗೆ ಕೂತಲ್ಲಿ ಬರುತ್ತಿರಲಿಲ್ಲ, ನಡೆದರೆ ಮಾತ್ರ ಬರುತ್ತಿತ್ತು. ಹಾಗಾಗಿ ತರಗತಿಯ ಸುತ್ತ ನಡೆಯಲು ಬಿಡುತ್ತಿದ್ದೆ. ಏಳೇಳು ನಲವತ್ತೊಂಬತ್ತು ಎನ್ನುವಾಗ ಸರಿಯಾಗಿ ಬಾಗಿಲ ಹತ್ತಿರ ಇರುತ್ತಿದ್ದ, ಒಮ್ಮೊಮ್ಮೆ ಅಲ್ಲಿಂದಲೇ ಓಡಿಹೋಗುತ್ತಿದ್ದ. ದನದ ಬಗ್ಗೆ ಪ್ರಬಂಧ ಬರೆಯಲು ಹೇಳಿದಾಗ, “ನಮ್ಮ ದನಕ್ಕೆ ನಾಲ್ಕು ಕಾಲುಗಳಿವೆ. ಆದರೆ ಒಂದು ನೋಯುತ್ತದೆ. ಅಪ್ಪ ಎಣ್ಣೆ ಹಚ್ಚುತ್ತಾರೆ,” ಎಂದು ಮೂರೇ ವಾಕ್ಯ ಬರೆದು ಎದ್ದಿದ್ದ. ದೇರಣ್ಣನ ಬೆನ್ನು ಅಲ್ಲಾಡಿತು. ನಗುತ್ತಿದ್ದಾರೋ ಅಳುತ್ತಿದ್ದಾರೋ ನನಗೆ ಕಾಣಲಿಲ್ಲ. ನಾನು ನಿಲ್ಲಿಸಲಿಲ್ಲ. ರಿನು ಚಹಾ ತಂದು ಪಕ್ಕದಲ್ಲಿಟ್ಟಳು, ಅದು ತಣ್ಣಗಾಯಿತು, ಇನ್ನೊಂದು ತಂದಳು. ಅದನ್ನು ಕುಡಿದರು.

ಆಮೇಲೆ ತಿರುಗಿ ಕೂತರು. ಮುಖ ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ.

“ಆಸ್ಪತ್ರೆಗೆ ಹೋಗುವಾಗ ಜೀಪಿನ ಹಿಂದೆ ನಾವಿಬ್ಬರೇ ಇದ್ದದ್ದು, ಟೀಚರ್. ಅವನ ತಲೆ ನನ್ನ ತೊಡೆಯ ಮೇಲೆ. ಆಗ ಅವ ನನ್ನ ಹತ್ರ ಒಂದು ಮಾತು ಹೇಳಿದ. ಮೂರು ವರ್ಷ ಆಯ್ತು, ನಾನು ಯಾರಿಗೂ…”

ನಾನು ಕೈ ಎತ್ತಿದೆ. ಕೇಳುವ ಆಸೆ ನನಗೆ ಬಹಳ ಇತ್ತು ಮೋನೆ, ನಿನ್ನಲ್ಲಿ ಸುಳ್ಳು ಹೇಳುವುದಿಲ್ಲ. ಆ ಹುಡುಗನನ್ನು ನಾನೂ ಪ್ರೀತಿಸಿದ್ದೆ.

“ಅದನ್ನು ನನಗೆ ಹೇಳ್ಬೇಡಿ ದೇರಣ್ಣ. ಅದನ್ನು ಮೊದಲು ಕೇಳ್ಬೇಕಾದವಳು ಮನೆಯಲ್ಲಿದ್ದಾಳೆ.”

“ಅವಳ ಮುಂದೆ ನನಗೆ ಬಾಯಿ ಬರುದಿಲ್ಲ.”

“ಬಾರದಿದ್ದರೆ ನಿಧಾನ ಹೇಳಿ. ಅವಳು ಕಾಯ್ತಾಳೆ.”

ಅವರು ತುಂಬ ಹೊತ್ತು ಅಂಗಳ ನೋಡುತ್ತಾ ಕೂತರು. ನಮ್ಮ ಮಂದಿರದ ಬಾಗಿಲು ತೆರೆದಿತ್ತು, ಗುರುವಾರ ಅಲ್ಲವೇ, ಮಧ್ಯಾಹ್ನಕ್ಕೆ ಜನ ಬರುವವರಿದ್ದರು. ಅತ್ತ ಅವರು ಒಮ್ಮೆ ನೋಡಿದರು. ನಿನ್ನ ಬಗ್ಗೆ ಏನೂ ಕೇಳಲಿಲ್ಲ. ಕೊನೆಗೆ ಎದ್ದು, “ಇನ್ನು ಬಸ್ ಎಷ್ಟು ಗಂಟೆಗೆ?” ಎಂದರು. ಒಂದೂವರೆಗೆ ಇದೆ ಎಂದು ರಿನು ಹೇಳಿದಳು. ಮಳೆ ಹನಿಯುತ್ತಿತ್ತು. ಕೊಡೆ ಬಿಡಿಸದೆ ಹೋದರು.

ಹೇಳುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ವಿಚಾರಿಸಲು ಹೋಗುವುದಿಲ್ಲ. ನೀನು ತಿರುಗಿ ಬಂದ ಮೇಲೆ ನೀನೂ ಕೇಳಬಾರದು.

ನಿನ್ನ ಅಮ್ಮಚ್ಚಿ
ಅಚ್ಚಾಮ್ಮ